ರೈಲು ಬಿಟ್ಟರೆ ಬೇರೆ ಮಾತಿಲ್ಲದ ಮಗು: ಓದು, ಲೆಕ್ಕವನ್ನು ರೈಲಿನಲ್ಲೇ ಕಲಿಸುವುದು ಹೇಗೆ?

ಸಂಪನ್ಮೂಲ_ಕೊಠಡಿ
ಎರಡನೇ ತರಗತಿ ಹುಡುಗ, ಆಟಿಸಂ. ಮಾತು ಚೆನ್ನಾಗಿ ಬರುತ್ತೆ, ಆದರೆ ಎಲ್ಲ ರೈಲಿನ ಮಾತೇ. ಕನ್ನಡ ಪುಸ್ತಕ ತೆಗೆದರೆ ಮೇಜಿನ ಕೆಳಗೆ ಹೋಗಿ ಕೂರ್ತಾನೆ. ರೈಲಿನ ಸಾಮಾನೆಲ್ಲ ಅಟ್ಟಕ್ಕೆ ಹಾಕಿಬಿಡಿ, ತಾನಾಗಿ ಮರೀತಾನೆ ಅನ್ನೋ ಸಲಹೆ ಮನೆಯವರಿಗೆ ಬಂದಿದೆ. ಅದನ್ನು ಒಪ್ಪೋಕೆ ನಾನು ತಯಾರಿಲ್ಲ. ದಿನಕ್ಕೆ 30 ನಿಮಿಷ ಸಮಯ, ರಟ್ಟು, ವೆಲ್ಕ್ರೋ, ಒಂದು ಪ್ರಿಂಟರ್ ಇದೆ. 'ಮಗುವಿನ ಆಸಕ್ತಿ ಬಳಸಿಕೊಳ್ಳಿ' ಅಂತ ಎಲ್ಲ ತರಬೇತಿಯಲ್ಲೂ ಹೇಳ್ತಾರೆ, ಹೇಗೆ ಅಂತ ಮಾತ್ರ ಹೇಳಲ್ಲ. ಹೆಜ್ಜೆ ಹೆಜ್ಜೆಯಾಗಿ ಬರೀರಿ, ಎಲ್ಲಿ ಕೆಡುತ್ತೆ ಅನ್ನೋದನ್ನೂ ಸೇರಿಸಿ.

ಹಳಿಮೇಲಿನ_ಪಾಠ
ಮೊದಲ ವಾರ ಪಾಠವೇ ಬೇಡ ಮೇಡಂ. 'ರೈಲು ಇಷ್ಟ' ಅಂದರೆ ಸಾಲದು, ರೈಲಿನಲ್ಲಿ ಏನು ಇಷ್ಟ ಅನ್ನೋದನ್ನು ಹಿಡೀಬೇಕು. ಒಂದು ಮಗುವಿಗೆ ಚಕ್ರ ತಿರುಗೋದು ಇಷ್ಟ, ಇನ್ನೊಂದಕ್ಕೆ 'ದಯವಿಟ್ಟು ಗಮನಿಸಿ, ಗಾಡಿ ಸಂಖ್ಯೆ...' ಅನ್ನೋ ಘೋಷಣೆಯ ದನಿ, ಮತ್ತೊಂದಕ್ಕೆ ವೇಳಾಪಟ್ಟಿ, ಇನ್ನೊಂದಕ್ಕೆ ಬೋಗಿಗಳನ್ನು ಸಾಲಾಗಿ ಜೋಡಿಸೋದು. ದನಿಗೆ ಸೋತ ಮಗುವಿನ ಮುಂದೆ ರೈಲಿನ ಚಿತ್ರದ ವರ್ಕ್‌ಶೀಟ್ ಇಟ್ಟರೆ ಅದು ಅವನಿಗೆ ಬರೀ ಕಾಗದ.

ಹೀಗೆ ಮಾಡಿ. ಮೇಜಿನ ಮೇಲೆ ನಾಲ್ಕು ವಸ್ತು ಇಡಿ: ಚಕ್ರ ತಿರುಗುವ ಆಟಿಕೆ, ಘೋಷಣೆ ರೆಕಾರ್ಡ್ ಮಾಡಿದ ಫೋನು, ಪ್ರಿಂಟ್ ತೆಗೆದ ವೇಳಾಪಟ್ಟಿ, ಎಂಜಿನ್ನುಗಳ ಫೋಟೋ. ಐದು ನಿಮಿಷ ಸುಮ್ಮನೆ ಕೂತು ನೋಡಿ. ಮೊದಲು ಯಾವುದನ್ನು ಮುಟ್ಟಿದ, ಯಾವುದರ ಹತ್ತಿರ ಹೆಚ್ಚು ಹೊತ್ತು ನಿಂತ, ಇವೆರಡನ್ನೇ ಬರೆದುಕೊಳ್ಳಿ. ಮೂರು ದಿನ ಮಾಡಿ, ದಿನಾ ಜಾಗ ಅದಲುಬದಲು ಮಾಡಿ. ಕೆಲವು ಮಕ್ಕಳು ಏನಿದ್ದರೂ ಬಲತುದಿಯದನ್ನೇ ಎತ್ತಿಕೊಳ್ತಾರೆ, ಜಾಗ ಬದಲಿಸದಿದ್ದರೆ ಅದೇ ಇಷ್ಟ ಅಂತ ಮೋಸ ಹೋಗ್ತೀರಿ.

ಇನ್ನೊಂದು ಮಾತು. ಚಿತ್ರ ಸರಿಯಾಗಿರಲಿ. ಇಂಟರ್‌ನೆಟ್ಟಿನಿಂದ ಇಳಿಸಿದ, ಹೊಗೆ ಬಿಡೋ ಚುಕುಬುಕು ಗಾಡಿಗೆ 'ಮೈಸೂರು ಎಕ್ಸ್‌ಪ್ರೆಸ್' ಅಂತ ಬರೆದು ಕೊಟ್ಟರೆ ಅಲ್ಲಿಗೆ ಮುಗೀತು. ಎಂಜಿನ್ನಿನ ಮೇಲೆ ಬರೆದಿರೋ ಡಬ್ಲ್ಯೂಎಪಿ-7 ಅಂದರೆ ಏನಂತ ಈ ಮಕ್ಕಳಿಗೆ ಗೊತ್ತಿರುತ್ತೆ: ಡಬ್ಲ್ಯೂ ಬ್ರಾಡ್‌ಗೇಜು (ಅಗಲ ಹಳಿ), ಎ ಅಂದರೆ ಎಸಿ ವಿದ್ಯುತ್ತು, ಪಿ ಪ್ರಯಾಣಿಕರ ಗಾಡಿ. ಅದೇ ಜಾಗದಲ್ಲಿ ಜಿ ಬಂದರೆ ಗೂಡ್ಸು. ಅವನು ನಿಮ್ಮ ತಪ್ಪು ತಿದ್ದೋದ್ರಲ್ಲೇ ಇಪ್ಪತ್ತು ನಿಮಿಷ ಕಳೀತಾನೆ, ಅದರಲ್ಲಿ ಅವನ ತಪ್ಪೇನೂ ಇಲ್ಲ.

ಓಟಿ_ಧಾರವಾಡ
ಮೇಜಿನ ಕೆಳಗ ಹೋಗೋ ಹುಡುಗಗ ಮೊದಲು 'ಎಷ್ಟು ಕೆಲಸ ಅದ, ಯಾವಾಗ ಮುಗೀತದ' ಅನ್ನೋದು ಕಣ್ಣಿಗೆ ಕಾಣಬೇಕ್ರಿ. ಇದಕ್ಕ ಒಂದು ರಟ್ಟಿನ ಗಾಡಿ ಮಾಡ್ರಿ. 12 ಸೆಂಟಿಮೀಟರ್ ಉದ್ದ, 8 ಎತ್ತರದ ಐದು ತುಂಡು: ಒಂದು ಎಂಜಿನ್ನು, ನಾಲ್ಕು ಬೋಗಿ. ಹಿಂದ ವೆಲ್ಕ್ರೋ. ಗ್ವಾಡಿಗೆ ಒಂದು ಮೀಟರ್ ಉದ್ದದ ಪಟ್ಟಿ, ಅದs ಹಳಿ. ಒಂದೊಂದು ಬೋಗಿಗೆ ಒಂದೊಂದು ಕೆಲಸದ ಚಿತ್ರ. ಕೆಲಸ ಮುಗಿದಂಗ ಆ ಬೋಗಿ ಕಿತ್ತು ಬಲಗಡೆ 'ಯಾರ್ಡ್' ಡಬ್ಬಿಗೆ ಹಾಕೋದು, ಅದೂ ಹುಡುಗನ ಕೈಲೇ.

ಕಡೇ ಬೋಗಿಯ ಬಾಲದ ತುದಿಗೆ, ಕಣ್ಣಿಗೆ ಕಾಣೋ ಹಂಗ, ದೊಡ್ಡ ಹಳದಿ ಎಕ್ಸ್ ಗುರುತು ಬರೀರಿ. ಖರೇ ಗಾಡಿಯಾಗೂ ಕಡೇ ಡಬ್ಬಿ ಹಿಂದ ಆ ಗುರುತು ಇರ್ತದ. ಸ್ಟೇಷನ್ ಮಂದಿ ಅದನ್ನ ನೋಡಿ 'ಗಾಡಿ ಪೂರಾ ಬಂತು, ನಡುವ ಯಾವ ಡಬ್ಬಿನೂ ಕಳಚಿಲ್ಲ' ಅಂತ ತಿಳ್ಕೋತಾರ. ರೈಲು ಅಂದ್ರ ಜೀವ ಬಿಡೋ ಹುಡುಗಗ ಇದನ್ನ ಹೇಳಿಕೊಡೋ ಗರಜೇ ಇಲ್ಲ. 'ಮುಗೀತು' ಅನ್ನೋ ಕಾರ್ಡಿಗಿಂತ ಎಕ್ಸ್ ಅವಗ ಲಗೂ ತಿಳೀತದ.

ಕೆಡೋದು ಎಲ್ಲಿ ಅಂದ್ರ, ಹುಡುಗ ಚಲೋ ಕುಂತಾನ ಅಂತ ಶಿಕ್ಷಕರು ಎಕ್ಸ್ ಬಂದ ಮ್ಯಾಲೆ 'ಇನ್ನೊಂದು ಬೋಗಿ' ಅಂತ ಹಚ್ಚತಾರ. ಒಮ್ಮೆ ಹಂಗ ಮಾಡಿದ್ರ ಆ ಗುರುತಿನ ಮ್ಯಾಲಿನ ನಂಬಿಕಿ ಹೋತು. ಹೆಚ್ಚು ಕೆಲಸ ಬೇಕಾದ್ರ ಮರುದಿನ ಮೊದಲs ಒಂದು ಬೋಗಿ ಜಾಸ್ತಿ ಹಚ್ರಿ. ಶುರುವಿಗೆ ಎರಡs ಬೋಗಿ ಸಾಕು, ಒಂದೊಂದು ಮೂರು ನಿಮಿಷದ ಕೆಲಸ.

ಕಾಗುಣಿತ
ಕನ್ನಡ ಓದಿಗೆ ನಿಲ್ದಾಣಗಳ ಹೆಸರಿಗಿಂತ ಒಳ್ಳೆಯ ಪದಪಟ್ಟಿ ಸಿಗಲಾರದು. ಆದರೆ ಹಳಿಯ ಮೇಲಿನ ಕ್ರಮದಲ್ಲಿ ಕಲಿಸಬೇಡಿ, ಅಕ್ಷರದ ಕಷ್ಟದ ಕ್ರಮದಲ್ಲಿ ಕಲಿಸಿ.

ಮೊದಲ ಗುಂಪಿನಲ್ಲಿ ಒತ್ತಕ್ಷರ ಇಲ್ಲದವು: ಹಾಸನ, ಬಿಡದಿ, ರಾಮನಗರ. ಆಮೇಲೆ 'ಊರು' ಕುಟುಂಬ: ಕಡೂರು, ಬೀರೂರು, ತಿಪಟೂರು, ತುಮಕೂರು. ಇಲ್ಲಿ ಬಾಲ ಒಂದೇ, ತಲೆ ಮಾತ್ರ ಬದಲು. ಬಾಲವನ್ನು ಒಂದು ಬಣ್ಣದ ಕಾರ್ಡಿನಲ್ಲೂ ತಲೆಯನ್ನು ಇನ್ನೊಂದು ಬಣ್ಣದಲ್ಲೂ ಬರೆದು ಬೋಗಿ ಜೋಡಿಸುವ ಹಾಗೆ ಜೋಡಿಸಲಿ. ಆಮೇಲೆ ಸೊನ್ನೆ: ಪಾಂಡವಪುರ, ಬೆಂಗಳೂರು. ನಂತರ ಸಜಾತಿ ಒತ್ತು: ಮದ್ದೂರು, ಹುಬ್ಬಳ್ಳಿ, ಚನ್ನಪಟ್ಟಣ (ಒಂದೇ ಪದದಲ್ಲಿ ಎರಡು ಒತ್ತು, ಬಹುಮಾನವಿದ್ದ ಹಾಗೆ). ಕೊನೆಗೆ ವಿಜಾತಿ: ಮಂಡ್ಯ, ಭದ್ರಾವತಿ, ಶ್ರೀರಂಗಪಟ್ಟಣ. ಚಿತ್ರದುರ್ಗವನ್ನು ಎಲ್ಲಕ್ಕಿಂತ ಕೊನೆಗೆ ಇಡಿ, ಅರ್ಕಾವತ್ತು ಬೇರೆಯೇ ಕಾಟ. ಬರೆಯುವಾಗ 'ರ್ಗ'ದಲ್ಲಿ ಮೊದಲು ಉಚ್ಚರಿಸುವ ರಕಾರ ಆಮೇಲೆ ಬರುತ್ತದೆ, ಕ್ರಮಕ್ಕೆ ಅಂಟಿಕೊಂಡ ಮಗುವಿಗೆ ಅದು ಅನ್ಯಾಯವಾಗಿ ಕಾಣುತ್ತದೆ. 'ಎಂಜಿನ್ ಹಿಂದೆ ಬಂದು ತಳ್ಳುವ ಗಾಡಿ' ಎಂದು ಹೇಳಿ, ಒಪ್ಪಿಕೊಳ್ಳುತ್ತಾನೆ.

ಈಗ ದೊಡ್ಡ ಅಪಾಯ. ಹುಡುಗ ಎರಡೇ ದಿನದಲ್ಲಿ ಮೂವತ್ತು ನಿಲ್ದಾಣ 'ಓದಿ' ತೋರಿಸುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅವನು ಓದಿರುವುದಿಲ್ಲ, ಪದದ ಆಕಾರವನ್ನು ಚಿತ್ರದ ಹಾಗೆ ನೆನಪಿಟ್ಟಿರುತ್ತಾನೆ. ಪರೀಕ್ಷೆ ಸುಲಭ. 'ಕಡೂರು' ಜಾಗದಲ್ಲಿ 'ಕುಡೂರು' ಎಂದು ಬರೆದು ತೋರಿಸಿ. ಆಗಲೂ ಕಡೂರು ಎಂದರೆ ಅದು ಚಿತ್ರ. ನಕ್ಕು 'ಇದು ತಪ್ಪು' ಎಂದರೆ ಅಕ್ಷರ ಕಾಣುತ್ತಿದೆ. ಚಿತ್ರವಾಗಿದ್ದರೆ ಬೋಗಿ ಬಿಚ್ಚಿ. ರಾಮನಗರದ ಐದು ಅಕ್ಷರ ಐದು ಬೋಗಿ: ರಾ, ಮ, ನ, ಗ, ರ. ಷಂಟಿಂಗ್ ಮಾಡಿ, ಅಂದರೆ ಬೋಗಿಗಳನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿ: ಮರ, ಮನ, ನರ, ರಾಗ, ನಗರ. ರೈಲಿನ ಪದದಿಂದ ರೈಲಲ್ಲದ ಪದಕ್ಕೆ ದಾಟುವುದು ಇಲ್ಲೇ. ದಿನಕ್ಕೆ ಒಂದು ನಿಲ್ದಾಣ ಬಿಚ್ಚಿದರೆ ಸಾಕು.

ರೈಲ್ವೆಯ ಹಳದಿ ಫಲಕದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇರುತ್ತವೆ. ನಿಮ್ಮ ಕಾರ್ಡನ್ನೂ ಹಳದಿ ಮೇಲೆ ಕಪ್ಪು ಅಕ್ಷರದಲ್ಲೇ ಮಾಡಿ, ಆದರೆ ಮೊದಲ ತಿಂಗಳು ಕನ್ನಡ ಮಾತ್ರ. ಮೂರೂ ಇದ್ದರೆ ಅವನಿಗೆ ಸುಲಭವಾದದ್ದನ್ನು ಓದಿ ಮುಗಿಸುತ್ತಾನೆ.

ಅಳತೆಗೋಲು
ಎಲ್ಲ ಚಂದ, ಆದರೆ ಇಷ್ಟು ಸರ್ಕಸ್ ಬೇಕಾ? ಮೊದಲು ಕೆಲಸ, ಆಮೇಲೆ ರೈಲು. ಡೇವಿಡ್ ಪ್ರಿಮ್ಯಾಕ್ 1959ರಲ್ಲೇ ಹೇಳಿದ ತತ್ವ: ಹೆಚ್ಚು ಮಾಡಲು ಬಯಸುವ ಚಟುವಟಿಕೆಯನ್ನು ಕಡಿಮೆ ಬಯಸುವುದರ ಬೆನ್ನಿಗೆ ಕಟ್ಟಿದರೆ ಎರಡನೆಯದೂ ನಡೆಯುತ್ತೆ. 1990ರಲ್ಲಿ ಮಾರ್ಜೊರಿ ಚಾರ್ಲಪ್ ತಂಡ ಆಟಿಸಂ ಮಕ್ಕಳಲ್ಲಿ ಇದನ್ನೇ ನೋಡಿತು. ತಿಂಡಿಗಿಂತ ಮಗುವಿನ ಸ್ವಂತ ಗೀಳಿಗೆ ಸ್ವಲ್ಪ ಹೊತ್ತು ಬಿಟ್ಟರೆ ಕೆಲಸ ಚೆನ್ನಾಗಿ ಆಯ್ತು, ಗೀಳೂ ಹೆಚ್ಚಲಿಲ್ಲ. ಎರಡು ಮನೆ ಇರುವ ಒಂದು ಬೋರ್ಡು ಸಾಕು: ಎಡಕ್ಕೆ 'ಮೊದಲು', ಬಲಕ್ಕೆ 'ಆಮೇಲೆ'. ಪಠ್ಯಪುಸ್ತಕ ಬದಲಿಸುವ ಗೋಜಿಲ್ಲ.

ಹಳಿಮೇಲಿನ_ಪಾಠ
ಅಳತೆಗೋಲು ಅವರೇ, ಬೋರ್ಡು ನಾವೂ ಬಳಸ್ತೀವಿ, ಅದರ ಜೊತೆ ಜಗಳ ಇಲ್ಲ. ಜಗಳ ಇರೋದು ಅದೊಂದೇ ಆದಾಗ. ಬಹುಮಾನ ಮಾಡಿದರೆ ಪಾಠ ಅನ್ನೋದು ರೈಲಿಗೆ ಅಡ್ಡ ಬಂದ ಗೇಟು. ಮಗು ಗೇಟು ದಾಟೋದು ಕಲಿಯುತ್ತೆ, ಪಾಠ ಅಲ್ಲ. ಮೊದಲ ಹದಿನೈದು ದಿನ ಓಡುತ್ತೆ, ಆಮೇಲೆ ಕಣ್ಣುಮುಚ್ಚಿ ಗೀಚಿ 'ಆಯ್ತು, ರೈಲು ಕೊಡಿ' ಶುರು. ಅದಕ್ಕಿಂತ ಕೆಟ್ಟದ್ದು ಅಂದರೆ ಬೋರ್ಡು ನಿಧಾನವಾಗಿ ಒತ್ತೆಯಾಳಿನ ವ್ಯವಹಾರ ಆಗಿಬಿಡೋದು. ಊಟ ಮಾಡಲಿಲ್ಲ, ರೈಲು ಇಲ್ಲ. ಶೂ ಹಾಕಲಿಲ್ಲ, ರೈಲು ಇಲ್ಲ.

ಆಸಕ್ತಿಯನ್ನು ಚಟುವಟಿಕೆಯ ಒಳಗೇ ಇಡೋದಕ್ಕೂ ಅಧ್ಯಯನ ಇದೆ. 1998ರಲ್ಲಿ ಮೇರಿ ಬೇಕರ್ ಮತ್ತು ಕೋಗಲ್ ದಂಪತಿ, ನಕ್ಷೆಯ ಗೀಳಿದ್ದ ಮಗುವಿಗೆ ನೆಲದ ಮೇಲೆ ಅಮೆರಿಕದ ದೊಡ್ಡ ನಕ್ಷೆ ಬರೆದು ಅದರ ಮೇಲೆ ಮುಟ್ಟಾಟ ಆಡಿಸಿದರು. ಬೇರೆ ಮಕ್ಕಳ ಜೊತೆ ಆಡೋದು ಹೆಚ್ಚಿತು. ನಮ್ಮಲ್ಲಿ ಇದನ್ನು ಕಾರು, ಬಸ್ಸುಗಳ ನಂಬರ್ ಪ್ಲೇಟಿನ ಹುಚ್ಚಿರೋ ಮಕ್ಕಳಿಗೆ ಮಾಡಬಹುದು. ಅಂಗಳದಲ್ಲಿ ಸುಣ್ಣದ ಪುಡಿಯಲ್ಲಿ ಕರ್ನಾಟಕ ಬರೆದು 'ಕೆಎ-19' ಅಂತ ಕೂಗಿದರೆ ಮಂಗಳೂರಿಗೆ ಓಡಬೇಕು, 'ಕೆಎ-12' ಅಂದರೆ ಮಡಿಕೇರಿಗೆ, 'ಕೆಎ-28' ಅಂದರೆ ವಿಜಯಪುರಕ್ಕೆ. ತರಗತಿಯ ಉಳಿದ ಮಕ್ಕಳು ಅವನನ್ನು ಕೇಳಿಕೊಂಡೇ ಆಡಬೇಕಾಗುತ್ತೆ. ಆಟದ ಬೀಗದ ಕೈ ಅವನ ಹತ್ತಿರ ಇರುತ್ತೆ, ಅದೇ ಬೇಕಾದದ್ದು.

ಕಡಲತಡಿ_ಗಣಿತ
ಲೆಕ್ಕಕ್ಕೆ ಬರುವ ಮಾರಾಯ್ರೆ. ಗಾಡಿ ಸಂಖ್ಯೆ ಐದಂಕಿಯದ್ದು, ಸ್ಥಾನಬೆಲೆ ಕಲಿಸಲಿಕ್ಕೆ ಹೇಳಿ ಮಾಡಿಸಿದ ಹಾಗೆ ಉಂಟು. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ 12627, ವಾಪಸು ಬರುವುದು 12628. ಬೆಸ, ಸಮ ಇಲ್ಲೇ ಸಿಕ್ಕಿತು. ಮೊದಲ ಅಂಕಿಯಿಂದ ವಿಂಗಡಿಸಲಿಕ್ಕೆ ಕೊಡಿ: 1 ಅಥವಾ 2 ಇದ್ದರೆ ದೂರದ ಗಾಡಿ, 5 ಪ್ಯಾಸೆಂಜರ್, 6 ಮೆಮು (ಹತ್ತಿರದ ಊರುಗಳ ವಿದ್ಯುತ್ ಗಾಡಿ), 7 ಡೆಮು (ಅಂಥದ್ದೇ ಡೀಸೆಲ್ ಗಾಡಿ), 0 ವಿಶೇಷ ಗಾಡಿ. ಇಪ್ಪತ್ತು ಚೀಟಿ, ಐದು ಡಬ್ಬಿ, ಹತ್ತು ನಿಮಿಷ. ಆದರೆ ಹಳೆಯ ವೇಳಾಪಟ್ಟಿ ತಂದು ಸಮಯದ ಲೆಕ್ಕ ಕೊಡಬೇಡಿ, ಸಮಯ ಬದಲಾದದ್ದು ಅವನಿಗೆ ನಿಮಗಿಂತ ಮೊದಲು ಗೊತ್ತಿರ್ತದೆ.

ಎಂಟರ ಮಗ್ಗಿಗೆ ಸ್ಲೀಪರ್ ಬೋಗಿ. ಒಂದು ವಿಭಾಗದಲ್ಲಿ ಎಂಟು ಬರ್ತು: 1 ಲೋವರ್, 2 ಮಿಡಲ್, 3 ಅಪ್ಪರ್, 4 ಲೋವರ್, 5 ಮಿಡಲ್, 6 ಅಪ್ಪರ್, 7 ಸೈಡ್ ಲೋವರ್, 8 ಸೈಡ್ ಅಪ್ಪರ್. ಹಳೆಯ ಐಸಿಎಫ್ ಬೋಗಿಯಲ್ಲಿ ಒಂಬತ್ತು ವಿಭಾಗ, 72 ಬರ್ತು. ಹೊಸ ಎಲ್‌ಎಚ್‌ಬಿಯಲ್ಲಿ ಹತ್ತು, 80. ಮಗ್ಗಿ ಬಾಯಿಪಾಠ ಮಾಡದ ಹುಡುಗರು ಸಹ ಇದನ್ನು ಹಾಳೆಯಲ್ಲಿ ಬಿಡಿಸ್ತಾರೆ.

ಮುಂದಿನ ಹೆಜ್ಜೆ ಶೇಷವಿರುವ ಭಾಗಾಕಾರ. ಬರ್ತು 43 ಎಲ್ಲಿ? 43ನ್ನು 8ರಿಂದ ಭಾಗಿಸಿ: ಐದು ವಿಭಾಗ ತುಂಬಿತು, 3 ಉಳಿಯಿತು. ಆರನೇ ವಿಭಾಗದ ಅಪ್ಪರ್. ಶೇಷ ಅಂದರೆ ಏನು ಅಂತ ಬೇರೆ ವಿವರಿಸುವುದೇ ಬೇಡ, ಅದು ಮಲಗುವ ಜಾಗ! ಎಡವುವುದು 24, 40ರಂಥ ಸಂಖ್ಯೆಯಲ್ಲಿ. ಶೇಷ 0 ಬಂದರೆ 'ಸೊನ್ನೆ ಬರ್ತು ಇಲ್ಲ' ಅಂತ ಹುಡುಗ ಹಠ ಹಿಡಿಯುತ್ತಾನೆ, ಅವನು ಹೇಳುವುದು ಸರಿಯೇ. ವಿಭಾಗ ಸರಿಯಾಗಿ ತುಂಬಿತು, ಕೊನೆಯವನು ಸೈಡ್ ಅಪ್ಪರ್ ಅಂತ ಹಾಳೆಯಲ್ಲಿ ಎಣಿಸಿಯೇ ತೋರಿಸಬೇಕು. ಮತ್ತೊಂದು: ಫಸ್ಟ್ ಎಸಿ, ಸೆಕೆಂಡ್ ಎಸಿಗೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಮಿಡಲ್ ಬರ್ತೇ ಇಲ್ಲ. ಮೊದಲೇ ಹೇಳಿಬಿಡಿ.

ದೊಡ್ಡ ಮಕ್ಕಳಿಗೆ ಅನುಪಾತ ಬೇಕಾದರೆ ಸಕಲೇಶಪುರ ಸುಬ್ರಹ್ಮಣ್ಯ ರೋಡ್ ಘಾಟಿ ಉಂಟಲ್ಲ. 55 ಕಿ.ಮೀ., 57 ಸುರಂಗ, ಏರು 50ಕ್ಕೆ 1. ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು 2 ಸೆಂಟಿಮೀಟರ್ ಎತ್ತಿದರೆ ಅದೇ ಏರು. 'ಇಷ್ಟೇನಾ?' ಅಂತಾರೆ. ಇಷ್ಟಕ್ಕೇ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳಬೇಕು.

ಒಳಗಿನಿಂದ
ಆಟಿಸಂ ಇರುವ ವಯಸ್ಕರ ಕಡೆಯಿಂದ ಒಂದು ಮಾತು. ಮೇಲಿನದ್ದೆಲ್ಲ ಚೆನ್ನಾಗಿದೆ, ಆದರೆ ರೈಲಿನ ಪ್ರತಿ ಮೂಲೆಯಲ್ಲೂ ವರ್ಕ್‌ಶೀಟ್ ಅಂಟಿಸಬೇಡಿ. ಈ ಆಸಕ್ತಿ ಮಗುವಿಗೆ ಉಸಿರಾಡುವ ಜಾಗ. ಗದ್ದಲದ ತರಗತಿಯಲ್ಲಿ ಐದು ಗಂಟೆ ಕಳೆದ ತಲೆ ಅಲ್ಲಿ ತಣ್ಣಗಾಗುತ್ತದೆ. ಅವನಿಗೆ ಅತಿ ಪ್ರಿಯವಾದ ಒಂದು ಭಾಗವನ್ನು, ಅದು ಘೋಷಣೆಯಾಗಲಿ ಬೋಗಿ ಜೋಡಿಸುವುದಾಗಲಿ, ಪಾಠಕ್ಕೆ ಮುಟ್ಟದೆ ಬಿಡಿ. ದಿನಕ್ಕೆ ಅರ್ಧ ಗಂಟೆಯಾದರೂ ಯಾರೂ ಪ್ರಶ್ನೆ ಕೇಳದ ರೈಲು ಇರಲಿ, ಶಿಕ್ಷೆಯಾಗಿ ಅದನ್ನು ಯಾವತ್ತೂ ಕಿತ್ತುಕೊಳ್ಳಬೇಡಿ. ಪಾಠ ಶುರುವಾದ ಮೇಲೆ ಅವನೇ ರೈಲಿನಿಂದ ದೂರ ಸರಿಯುತ್ತಿದ್ದರೆ ನೀವು ಅತಿ ಮಾಡಿದ್ದೀರಿ, ಎರಡು ವಾರ ಪೂರ್ತಿ ನಿಲ್ಲಿಸಿ.

ಆಸಕ್ತಿ ಬದಲಾಗುವುದೂ ಉಂಟು. ರೈಲು ಹೋಗಿ ಹಾವು ಬಂದರೆ ಹಳೆಯ ರಟ್ಟು ಹಿಡಿದು ಅವನ ಹಿಂದೆ ಓಡಬೇಡಿ.

ಅಮ್ಮ_ತುಮಕೂರು
ಮಾತೇ ಬಾರದ ನಾಲ್ಕು ವರ್ಷದ ಮಗುವಿಗೆ? ಅದಕ್ಕೆ ರೈಲೂ ಬೇಡ, ಸೀಲಿಂಗ್ ಫ್ಯಾನ್ ನೋಡ್ತಾ ಮಲಗಿದರೆ ಮುಗೀತು.

ಮಾತಿನ_ಅಂಗಳ
ಅಮ್ಮ, ಫ್ಯಾನೇ ಸಾಕು. ಕೈಯಲ್ಲಿ ಹಿಡಿಯುವ, ಬ್ಯಾಟರಿಯ ಪುಟ್ಟ ಫ್ಯಾನ್ ತನ್ನಿ, ರೆಕ್ಕೆ ಮೆತ್ತಗಿರಲಿ. ಸೀಲಿಂಗ್ ಫ್ಯಾನ್ ಬೇಡ: ಸ್ವಿಚ್ಚಿಗೆ ಕೈ ಚಾಚಲು ಕುರ್ಚಿ ಹತ್ತುವುದನ್ನು ನಾವೇ ಕಲಿಸಿದ ಹಾಗಾಗುತ್ತೆ.

ಅಂಗೈ ಅಗಲದ ಕಾರ್ಡಿನಲ್ಲಿ ಆ ಫ್ಯಾನಿನದೇ ಫೋಟೋ. ಮಗುವಿನ ಎದುರು ನೆಲದ ಮೇಲೆ ಕೂತು ಫ್ಯಾನ್ ಇಪ್ಪತ್ತು ಸೆಕೆಂಡ್ ಓಡಿಸಿ, ನಿಲ್ಲಿಸಿ. ಕಾರ್ಡು ಇಬ್ಬರ ನಡುವೆ ಇರಲಿ. ಮನಸ್ಸಿನಲ್ಲೇ ಹತ್ತು ಎಣಿಸಿ, ಮಾತಾಡಬೇಡಿ. ಮಗು ಕಾರ್ಡ್ ಮುಟ್ಟಿದರೆ, ನಿಮ್ಮ ಕಡೆ ದೂಡಿದರೆ, ಕಡೆಗೆ ಅದರ ಮೇಲೆ ಕೈ ಬಿದ್ದರೂ ಸರಿ, ಆ ಕ್ಷಣವೇ 'ಹಾಕು' ಅನ್ನುತ್ತಾ ಓಡಿಸಿ. ತಡ ಆದರೆ ಕಾರ್ಡಿಗೂ ಫ್ಯಾನಿಗೂ ಇರುವ ಗಂಟು ಬೀಳಲ್ಲ. ಎಂಟು ಹತ್ತು ಸಲ, ಬೇಸರ ಬರುವ ಮೊದಲೇ ನಿಲ್ಲಿಸಿ. ಎರಡು ವಾರದ ಮೇಲೆ 'ಜೋರು', 'ನಿಧಾನ' ಕಾರ್ಡು ಸೇರಿಸಿ.

ಎರಡು ತಪ್ಪು ಎಲ್ಲರೂ ಮಾಡ್ತಾರೆ. ಪ್ರತಿ ಸಲ 'ಏನು ಬೇಕು ಪುಟ್ಟಾ?' ಅಂತ ಕೇಳೋದು ಒಂದು. ಆಮೇಲೆ ಮಗು ಕೇಳಿದರೆ ಮಾತ್ರ ಕಾರ್ಡ್ ಕೊಡುತ್ತೆ, ತಾನಾಗಿ ಕೇಳಲ್ಲ. ಇನ್ನೊಂದು, ಕಾರ್ಡ್ ಕೊಟ್ಟ ಮೇಲೂ 'ಬಾಯಲ್ಲಿ ಹೇಳು, ಆಗ ಹಾಕ್ತೀನಿ' ಅನ್ನೋದು. ಕಾರ್ಡೇ ಮಾತು. ಅದಕ್ಕೆ ಬೆಲೆ ಸಿಗದಿದ್ದರೆ ಮಗು ಮತ್ತೆ ಚೀರೋದಕ್ಕೇ ಹಿಂದಿರುಗುತ್ತೆ.

(ಮುಂದೆ ಮಗು ಲೆಕ್ಕಕ್ಕೆ ಬಂದಾಗಲೂ ಫ್ಯಾನ್ ಬಿಡಬೇಡಿ. 75 ವ್ಯಾಟಿನದು ಹತ್ತು ಗಂಟೆ ಓಡಿದರೆ ಮುಕ್ಕಾಲು ಯೂನಿಟ್, 30 ವ್ಯಾಟಿನ, ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನ್ ಆದರೆ 0.3 ಯೂನಿಟ್. ದಶಮಾಂಶಕ್ಕೆ ಕರೆಂಟ್ ಬಿಲ್ಲೇ ಪಠ್ಯ.)

ಓಟಿ_ಧಾರವಾಡ
ಸಿಟ್ಟು, ಗಾಬರಿ ಹೇಳಿಕೊಳ್ಳಾಕ ಬರದ ರೈಲು ಹುಡುಗರಿಗೆ ಸಿಗ್ನಲ್ ಕಂಬ ಮಾಡ್ರಿ. ಬ್ಯಾರೆ ಕಡೆ ಮೂರು ಬಣ್ಣದ ಟ್ರಾಫಿಕ್ ದೀಪ ಬಳಸ್ತಾರ, ಅದಕ್ಕಿಂತ ರೈಲಿಂದು ಚಲೋ, ಯಾಕಂದ್ರ ಅದರಾಗ ನಾಲ್ಕು ಅದಾವ: ಹಸಿರು, ಎರಡು ಹಳದಿ, ಒಂದು ಹಳದಿ, ಕೆಂಪು. ಕೆಲಸ ಮಾಡೋ ಜಾಗಾ 'ಎರಡು ಹಳದಿ'. ಕಾಲು ಅಲ್ಲಾಡಿಸಾಕ ಹತ್ಯಾನ, ದನಿ ಏರೇದ, ಆದ್ರ ಇನ್ನೂ ಮಾತು ಕೇಳ್ತಾನ. ಆಗs ನೀರು, ಮೂಲಿಯ ಚಾಪಿ, ಇಲ್ಲಾ ಗ್ವಾಡಿ ನೂಕೋ ಕೆಲಸ. ಕೆಂಪಿಗೆ ಬಂದ ಮ್ಯಾಲೆ ಏನೂ ಕಲಿಸಬ್ಯಾಡ್ರಿ, ಸುಮ್ಮ ಹತ್ತಿರ ಇರ್ರಿ. ಕಂಬದ ಅಭ್ಯಾಸ ಹಸಿರಿನಾಗ ಇದ್ದಾಗ ಮಾಡಿಸ್ರಿ, ದಿನಾ ಎರಡು ನಿಮಿಷ. 'ನೋಡು ನೀ ಕೆಂಪಾಗಿ' ಅಂತ ಬೈಯ್ಯಾಕ ಬಳಸಿದ್ರ ಆ ಕಂಬ ಕಸದಬುಟ್ಟಿಗೇ.

ರೈಲಿನ ಮಾತು ನಿಲ್ಲಂಗಿಲ್ಲ ಅನ್ನೋರಿಗೂ ಇದರಾಗs ಉತ್ತರ ಅದ. ಮೂರು ಬೋಗಿ, ಅಂದ್ರ ಮೂರು ಮಾತು, ಅವನದು, ಆಮೇಲೆ ಕೈಯಾಗಿನ ಸಿಗ್ನಲ್ ಎದುರಿನವರ ಕಡೆ ಹಸಿರು. ಅವರು ಒಂದು ಪ್ರಶ್ನೆ ಕೇಳ್ತಾರ ಇಲ್ಲಾ ತಮ್ಮ ಮಾತು ಹೇಳ್ತಾರ. ಮಾತು ಬಂದ್ ಮಾಡಿಸಬ್ಯಾಡ್ರಿ, ಸರದಿ ಕಲಿಸ್ರಿ.

ಕಾಗುಣಿತ
ಇದಕ್ಕೆ ಹೊಂದುವ ಪವರ್ ಕಾರ್ಡ್ (ಮಗುವಿನ ಮೆಚ್ಚಿನ ವ್ಯಕ್ತಿಯ ಮೂಲಕ ಒಂದು ನಡವಳಿಕೆ ಕಲಿಸುವ ಪುಟ್ಟ ಕಾರ್ಡು) ಒಂದು ಕೊಡುತ್ತೇನೆ. ಎಟಿಎಂ ಕಾರ್ಡಿನ ಗಾತ್ರ, ಮೇಲೆ ಲೋಕೋ ಪೈಲಟ್ ಚಿತ್ರ, ಕೆಳಗೆ ನಾಲ್ಕೇ ಸಾಲು: 'ಲೋಕೋ ಪೈಲಟ್ ಸಿಗ್ನಲ್ ನೋಡುತ್ತಾರೆ. ಕೆಂಪು ಇದ್ದರೆ ಕಾಯುತ್ತಾರೆ. ಟೀಚರ್ ಬೇರೆಯವರ ಜೊತೆ ಮಾತಾಡುತ್ತಿದ್ದರೆ ನಾನೂ ಕಾಯುತ್ತೇನೆ. ಆಮೇಲೆ ನನ್ನ ಸರದಿ.' 'ಮಾಡಬಾರದು' ಎಂಬ ಪದ ಕಾರ್ಡಿನಲ್ಲಿ ಇರಬಾರದು. ಒಂದು ಕಾರ್ಡಿಗೆ ಒಂದೇ ನಡವಳಿಕೆ.

ಹಳಿಮೇಲಿನ_ಪಾಠ
ಸ್ಟೇಷನ್ನಿಗೆ ಕರೆದುಕೊಂಡು ಹೋಗೋರಿಗೆ: ಪ್ಲಾಟ್‌ಫಾರ್ಮ್ ಟಿಕೆಟ್ 10 ರೂಪಾಯಿ, ಎರಡು ಗಂಟೆ ನಡೆಯುತ್ತೆ, ಆದರೆ ಮೊದಲ ಸಲ 20 ನಿಮಿಷ ಸಾಕು. ಒಂದು ಮಗುವಿಗೆ ಇಬ್ಬರು ದೊಡ್ಡವರು. ಹಾರ್ನ್ ಹತ್ತಿರದಲ್ಲಿ ಕೇಳಿದರೆ ರೈಲುಪ್ರೇಮಿ ಮಗುವೂ ಕಿವಿ ಮುಚ್ಚಿಕೊಂಡು ಓಡುತ್ತೆ, ಅದೂ ಹಳಿಯ ಕಡೆಗೇ ಓಡಬಹುದು. ಕಿವಿ ಮುಚ್ಚುವ ಇಯರ್ ಮಫ್ ಒಯ್ಯಿರಿ, ಬೆಂಚಿನ ಹಿಂದೆ ಗೋಡೆ ಕಡೆ ನಿಲ್ಲಿ. ಪ್ಲಾಟ್‌ಫಾರ್ಮ್ ಅಂಚಿನ ಹಳದಿ ಗೆರೆ ದಾಟಬಾರದು ಅನ್ನೋ ಪಾಠವನ್ನು ಸ್ಟೇಷನ್ನಿನಲ್ಲಿ ಶುರು ಮಾಡಬೇಡಿ. ತರಗತಿಯ ನೆಲದ ಮೇಲೆ ಟೇಪ್ ಅಂಟಿಸಿ ಒಂದು ವಾರ ಅಭ್ಯಾಸ ಆಗಿರಲಿ. ಮನೆ ಹಳಿಯ ಹತ್ತಿರ ಇದ್ದರೆ ಈ ಪಾಠ ಓದು ಲೆಕ್ಕಕ್ಕಿಂತ ಮೊದಲು. ಬಾಗಿಲಿಗೆ ಮಗುವಿನ ಕೈಗೆ ಎಟುಕದ ಮೇಲಿನ ಚಿಲಕ ಹಾಕಿಸಿ.

ಸಂಪನ್ಮೂಲ_ಕೊಠಡಿ
ಎಲ್ಲರಿಗೂ ಧನ್ಯವಾದ. ಸೋಮವಾರದಿಂದ ನಾಲ್ಕು ವಸ್ತುವಿನ ಪರೀಕ್ಷೆ, ಆಮೇಲೆ ಎರಡು ಬೋಗಿ. ಒಂದು ಸಣ್ಣ ಅನುಮಾನ: ಕಾರ್ಡುಗಳಿಗೆ ಲ್ಯಾಮಿನೇಷನ್ ಮಾಡಿಸಲಾ?

ಓಟಿ_ಧಾರವಾಡ
ಹೊಳೆಯೋದು ಬ್ಯಾಡ್ರಿ. ಟ್ಯೂಬ್‌ಲೈಟ್ ಅದರಾಗ ಮಿಂಚಿದ್ರ ಹುಡುಗ ಕಾರ್ಡ್ ಬಿಟ್ಟು ಬೆಳಕs ಆಡಸ್ತಾನ. ಮ್ಯಾಟ್ ಹಾಳಿ ಸಿಗ್ತದ, ಇಲ್ಲಾ ಪುಸ್ತಕಕ್ಕ ಹಾಕೋ ಖಾಕಿ ರಟ್ಟಿನ ಮ್ಯಾಲೆ ಅಂಟಿಸ್ರಿ. ಮೂಲಿ ಕತ್ತರಿಯಿಂದ ದುಂಡಗ ಮಾಡ್ರಿ. ವೆಲ್ಕ್ರೋದ ಒರಟು ಭಾಗ ಪಟ್ಟಿಗೆ, ಮೆತ್ತನ್ನ ಭಾಗ ಬೋಗಿಗೆ. ಉಲ್ಟಾ ಮಾಡಿದ್ರ ಬೋಗಿ ಮುಟ್ಟಿದಾಗೊಮ್ಮೆ ಚುಚ್ಚತದ, ಕೈ ಸೂಕ್ಷ್ಮ ಇರೋ ಹುಡುಗ ಮುಟ್ಟಂಗs ಇಲ್ಲ.